ಸಿದ್ದಾಪುರದಲ್ಲಿ ಉಪ್ಪು

ಒಳಗಿನ ಉದ್ದ ಒಂಬತ್ತಡಿ, ಅಗಲ ಐದೂವರೆ.
ನಿಂತರೆ ನನ್ನ ತಲೆಗೂ ತಗಡಿಗೂ ನಡುವೆ
ಒಂದು ಪೆನ್ಸಿಲ್ ಮಲಗುವಷ್ಟು ಜಾಗ.
ಜೀಪಿನ ಹಿಂದೆ ಕಟ್ಟಿ ಎಳೆಯುವ ಮನೆ ಇದು, ಎಂದರು ದೇಚಮ್ಮ.
ಗೋಣಿಕೊಪ್ಪದಲ್ಲಿ ಇಪ್ಪತ್ತಾರು ವರ್ಷ ಕಪಾಟು ಮಾಡಿದ್ದೇನೆ,
ಗೋಡೆಗಳೇ ಊರೂರು ಸುತ್ತುವ ಮನೆಗೆ ಮಾಡಿರಲಿಲ್ಲ.

ಮೊದಲ ದಿನ ಸಾಮಾನೆಲ್ಲ ನನ್ನ ಅಂಗಳದಲ್ಲಿ ಹರಡಿದರು:
ಗ್ಯಾಸಿನ ಒಲೆ, ಎರಡು ಕಂಬಳಿ, ಕಡುಬಿನ ಸೆಕಲ,
ಕಾಚಂಪುಳಿ ಬಾಟಲಿ, ಟಾರ್ಚು, ಹಗ್ಗ,
ಜಿಗಣೆಗೆಂದು ಸುಣ್ಣ ಹೊಗೆಸೊಪ್ಪಿನ ಪೊಟ್ಟಣ,
ನಾದಿನಿ ಕಾಮವ್ವನ ಮಂಡಿನೋವಿನ ಎಣ್ಣೆ,
ಕಾಮವ್ವನ ಇನ್ನೊಂದು ಮಂಡಿನೋವಿನ ಎಣ್ಣೆ.
ಟೇಪು ಹಿಡಿದು ಒಂದೊಂದನ್ನೂ ಅಳೆಯತೊಡಗಿದೆ.
"ಸಾಮಾನನ್ನು ಅಳೆಯಬೇಡ ಆಚಾರಿ,
ದಿನಕ್ಕೆ ಎಷ್ಟು ಸಲ ಅದರ ಕಡೆಗೆ ಕೈ ಹೋಗುತ್ತದೆ, ಅದನ್ನು ಅಳೆ."

ವಿರಾಜಪೇಟೆಯ ಅಂಚೆ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದ ಕೈ ಅದು.
ಗೂಡು ಬೇಕು, ಬಾಗಿಲು ಬೇಡ,
ಗೂಡಿಗೊಂದು ಊರು.
ಸೀಮೆಸುಣ್ಣದಲ್ಲಿ ಅವರು ಹೇಳಿದಂತೆ ಬರೆದೆ:
ಎದೆಮಟ್ಟಕ್ಕೆ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ,
ದಿನಾ ಚೀಲ ಹೋಗುತ್ತಿದ್ದ ಊರುಗಳು.
ಅಲ್ಲಿ ಉಪ್ಪು, ಚಮಚ ಲೋಟ, ಕಾಫಿಪುಡಿ.
ಮಂಚದ ಕೆಳಗೆ ಮಾಕುಟ್ಟ.
ಬಗ್ಗಬೇಕು, ಕೈ ಊರಬೇಕು;
ಜಾಕು, ಸ್ಪ್ಯಾನರು, ಟಾರ್ಪಾಲು.
ಸೂರಿನ ಮೂಲೆಗೆ ಭಾಗಮಂಡಲ.
ಅಲ್ಲಿ ಏನಿಡುತ್ತೀರಿ ಎಂದೆ.
"ಕಾಮವ್ವ ಸಿಗರೇಟು ಬಿಟ್ಟಿದ್ದಾಳೆ. ಉಳಿದ ಪ್ಯಾಕೆಟ್ಟು ಅಲ್ಲಿರಲಿ.
ಆ ಮಂಡಿ ಸ್ಟೂಲು ಹತ್ತುವಷ್ಟರಲ್ಲಿ ಆಸೆ ಇಳಿದಿರುತ್ತದೆ."

ಕಾಚಂಪುಳಿಗೆ ಮಾತ್ರ ಊರಿಲ್ಲ.
ಹಲಗೆಯಲ್ಲಿ ದುಂಡಗೆ ತೂತು ಕೊರೆದು
ಕುತ್ತಿಗೆಯವರೆಗೆ ಇಳಿಸಿದೆ.
ಅದು ಚೆಲ್ಲಿದರೆ ಕಂಬಳಿ ಜನ್ಮವಿಡೀ
ಹಂದಿಮಾಂಸ ಕಾಯುತ್ತ ಕೂರುತ್ತದೆ.
ಅಕ್ಕಿ ಎಡಗಡೆಗಾದರೆ ನೀರಿನ ಕ್ಯಾನು ಬಲಗಡೆಗೆ,
ಇಲ್ಲವಾದರೆ ತಿರುವಿನಲ್ಲಿ ಗಾಡಿ ಕುಡಿದವರಂತೆ ಒರಗುತ್ತದೆ.

ಗೂಡು ಮಾಡುವುದು ಅರ್ಧ ಕೆಲಸ. ಉಳಿದರ್ಧ ಕಿವಿಯದು.
ಶಮೀರ್ ಜೀಪು ಓಡಿಸಿದ,
ನಾನು ಒಳಗೆ ನೆಲದ ಮೇಲೆ ಅಂಗಾತ.
ಪೊನ್ನಂಪೇಟೆ ದಾಟುವಾಗ ಅಮ್ಮತ್ತಿ ಮಾತಾಡಿತು:
ಚಮಚಕ್ಕೂ ಲೋಟಕ್ಕೂ ಜಗಳ.
ನಡುವೆ ನನ್ನದೇ ಕಾಲುಚೀಲ ತುರುಕಿದೆ.
ಹುದಿಕೇರಿಯ ಹಂಪ್ಸಿನಲ್ಲಿ ಸೆಕಲದ ಮುಚ್ಚಳ. ಅದಕ್ಕೊಂದು ಟವೆಲು.
ಶ್ರೀಮಂಗಲ ಬರುವ ಹೊತ್ತಿಗೆ ಊರೆಲ್ಲ ಮಲಗಿದ್ದವು.

ಒಂದೇ ಒಂದು ಟಿಕ್.
ಎಡ ತಿರುವಿಗೆ ಟಿಕ್.
ಬಲ ತಿರುವಿಗೆ, ಸ್ವಲ್ಪ ಯೋಚಿಸಿ, ಟಿಕ್.

ಬಾಳೆಲೆಯ ಹಿಂದೆ
ಪ್ಲೈವುಡ್ಡಿಗೂ ತಗಡಿಗೂ ನಡುವಿನ ನಾಲ್ಕು ನೂಲು ಸಂದಿಯಲ್ಲಿ
ನಾನೇ ಬೀಳಿಸಿದ ಮುಕ್ಕಾಲಿಂಚಿನ ಸ್ಕ್ರೂ.
ತೆಗೆಯಬೇಕಾದರೆ ಏಳು ಊರು ಬಿಚ್ಚಬೇಕು.
ತಪ್ಪು ನನ್ನದು, ಎರಡು ದಿನ ಕೊಡಿ ಎಂದೆ.

ದೇಚಮ್ಮ ಒಳಗೆ ಬಂದು ಮಂಚದ ಮೇಲೆ ಕೂತರು.
ಶಮೀರ್ ಹೊರಗಿನಿಂದ ಗಾಡಿ ಅಲುಗಿಸಿದ. ಟಿಕ್.
ಇನ್ನೊಂದು ಸಲ, ಎಂದರು. ಟಿಕ್.
"ನಮ್ಮಲ್ಲೂ ಒಂದು ಡಬ್ಬ ಇತ್ತು,
ವಿಳಾಸ ಓದಲಾಗದ ಕಾಗದಗಳಿಗೆ.
ತಿಂಗಳ ಕೊನೆಗೆ ಮೇಲಿನ ಕಚೇರಿಗೆ ಕಳಿಸಬೇಕು.
ಒಂದನ್ನು ಮಾತ್ರ ಕಳಿಸಲಿಲ್ಲ.
ಮಳೆಗೆ ನೆಂದು, ನೀಲಿ ಶಾಯಿ ಹರಿದು
'ಅಕ್ಕನಿಗೆ' ಅಂತ ಅಷ್ಟೇ ಉಳಿದಿತ್ತು.
ಬಿಚ್ಚಬೇಡ ಬಿಡು."
ಆ ಕಾಗದ ಏನಾಯಿತೆಂದು ಅವರು ಹೇಳಲಿಲ್ಲ,
ನಾನು ಕೇಳಲಿಲ್ಲ.

ಹೊರಗಿನಿಂದ ಕಾಮವ್ವನ ಕೂಗು: ಉಪ್ಪೆಲ್ಲಿ?
ಸಿದ್ದಾಪುರದಲ್ಲಿ! ಇಬ್ಬರೂ ಒಟ್ಟಿಗೆ ಹೇಳಿದೆವು.

ಬಿಲ್ಲು ಬರೆದೆ. ಸ್ಕ್ರೂ: ನೂರ ನಲವತ್ತಮೂರು.
ನೂರ ನಲವತ್ತನಾಲ್ಕನೆಯದಕ್ಕೆ
ದುಡ್ಡು ಹಿಡಿಯಲಿಲ್ಲ.